ಮರಿಯ ಬೆನ್ನು ಬಲಿಯುವ ತನಕ

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ಮದ್ರಸಾದ ವಿದ್ಯಾರ್ಥಿಯೊಬ್ಬನ ತಂದೆ ನನ್ನನ್ನು ತಡೆದು ನಿಲ್ಲಿಸಿ, ತಮ್ಮ ಮೊಬೈಲಿನಲ್ಲಿದ್ದ ಒಂದು ವೀಡಿಯೋ ತೋರಿಸಿದರು. ತೋಟದ ಅಂಚಿನ ಮಣ್ಣುದಾರಿಯಲ್ಲಿ ಕಂದು ಬಣ್ಣದ ಕುದುರೆಯೊಂದು ಓಡುತ್ತಿದೆ. ಅದರ ಬೆನ್ನ ಮೇಲೆ ಅವರ ಹದಿಮೂರು ವರ್ಷದ ಮಗ ಕುಳಿತಿದ್ದಾನೆ. ಹಿನ್ನೆಲೆಯಲ್ಲಿ ನಶೀದ್ ಕೇಳಿಬರುತ್ತಿದೆ. "ಹಜ್ರತ್, ಸುನ್ನತ್ತನ್ನು ಜೀವಂತಗೊಳಿಸುತ್ತಿದ್ದೇವೆ. ಮಗನಿಗೆ ದುಆ ಮಾಡಿ" ಎಂದರು ಅವರು, ಮುಖದ ತುಂಬ ಸಂತೋಷ.

ನಾನು ಮಾಷಾ ಅಲ್ಲಾಹ್ ಎನ್ನುವವನೇ ಇದ್ದೆ. ಆದರೆ ಕುದುರೆಯ ಎದೆ ಇನ್ನೂ ಕಿರಿದಾಗಿತ್ತು, ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿತ್ತು. ಬೆಳೆಯುತ್ತಿರುವ ಮರಿಯ ಲಕ್ಷಣವದು. "ವಯಸ್ಸೆಷ್ಟು ಭಾಯಿ?" ಎಂದು ಕೇಳಿದೆ. ಮಗನ ವಯಸ್ಸು ಕೇಳುತ್ತಿದ್ದೇನೆಂದು ತಿಳಿದು ಹದಿಮೂರು ಎಂದರು. ಕುದುರೆಯದ್ದು ಎಂದಾಗ, "ಬರುವ ರಮಝಾನ್‌ಗೆ ಎರಡು ತುಂಬುತ್ತದೆ, ಆದರೆ ನೋಡಿ ಎಷ್ಟು ಎತ್ತರವಾಗಿದೆ!" ಎಂದರು. ದುಆ ಮಾಡಿದೆ. ಉಳಿದ ಮಾತು ಗಂಟಲಲ್ಲೇ ಉಳಿಯಿತು. ಮಸೀದಿಯ ಬಾಗಿಲಲ್ಲಿ ನಾಲ್ಕು ಜನರ ಎದುರು ಆಡುವ ಮಾತು ಅದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇಂತಹ ವೀಡಿಯೋಗಳನ್ನು ಈಗ ಒಬ್ಬಿಬ್ಬರಲ್ಲ, ಅನೇಕರು ಹಂಚುತ್ತಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ನಮ್ಮ ಕುಟುಂಬಗಳಲ್ಲಿ ಮಕ್ಕಳಿಗಾಗಿ ಕುದುರೆ ಮರಿ ಕೊಳ್ಳುವ ಹುಮ್ಮಸ್ಸು ಹೊಸದಾಗಿ ಹುಟ್ಟಿದೆ.

ಈ ಹುಮ್ಮಸ್ಸಿನ ಹಿಂದೆ ಒಂದು ಮಾತಿದೆ. ಮಕ್ಕಳಿಗೆ ಈಜು, ಬಿಲ್ಗಾರಿಕೆ ಮತ್ತು ಕುದುರೆ ಸವಾರಿಯನ್ನು ಕಲಿಸಬೇಕೆಂಬ ಆ ಮಾತು ಪೋಸ್ಟರುಗಳಲ್ಲಿ, ಸ್ಟೇಟಸ್‌ಗಳಲ್ಲಿ ಪ್ರವಾದಿವಚನವೆಂದೇ ಓಡಾಡುತ್ತಿದೆ. ಹದೀಸ್ ವಿದ್ವಾಂಸರು ಅದರ ಪ್ರವಾದಿ ಪರಂಪರೆಯನ್ನು ದುರ್ಬಲವೆಂದಿದ್ದಾರೆ. ಅದು ಉಮರ್(ರ)ರ ಮಾತೆಂದೇ ಹೆಚ್ಚು ಪ್ರಸಿದ್ಧ. ಯಾರ ಮಾತೇ ಆಗಿರಲಿ, ಒಳ್ಳೆಯ ಮಾತು. ಆದರೆ ಇದೇ ವಿಷಯದಲ್ಲಿ ತಿರ್ಮಿದಿ, ಅಬೂದಾವೂದ್ ಮತ್ತು ಇಬ್ನುಮಾಜ ಸಂಗ್ರಹಗಳಲ್ಲಿ ಇನ್ನೊಂದು ಹದೀಸ್ ಬಂದಿದೆ. ಅದು ಪೋಸ್ಟರುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮನುಷ್ಯನ ವಿನೋದಗಳಲ್ಲಿ ವ್ಯರ್ಥವಲ್ಲದ ಮೂರನ್ನು ಅದು ಎಣಿಸುತ್ತದೆ: ಬಿಲ್ಲಿನ ಅಭ್ಯಾಸ, ಮಡದಿಯೊಂದಿಗಿನ ಸರಸ ಮತ್ತು ಕುದುರೆಯ ವಿಷಯದ ಒಂದು ಕೆಲಸ. ಆ ಮೂರನೆಯದಕ್ಕೆ ಅಲ್ಲಿ ಬಳಸಿರುವ ಪದ ಸವಾರಿಯಲ್ಲ, 'ತಅದೀಬ್'. ಅದಬ್ ಎಂಬ ಪದದ ಮೂಲದಿಂದಲೇ ಬಂದ ಪದವದು. ಮಗುವಿಗೆ ಸಂಸ್ಕಾರ ಕೊಡುವುದನ್ನೂ ಅರಬಿಯಲ್ಲಿ ತಅದೀಬ್ ಎಂದೇ ಕರೆಯುತ್ತಾರೆ. ಕುದುರೆಯ ಬೆನ್ನೇರುವುದನ್ನಲ್ಲ, ಕುದುರೆಗೆ ಅದಬ್ ಕಲಿಸುವುದನ್ನು ಆ ಹದೀಸ್ ಅರ್ಥವುಳ್ಳ ವಿನೋದವೆಂದು ಗಣಿಸಿದೆ. ಬೆನ್ನೇರಲು ಒಂದು ನಿಮಿಷ ಸಾಕು. ಅದಬ್ ಕಲಿಸಲು ನಾಲ್ಕೈದು ವರ್ಷ ಬೇಕು.

ಅರಬಿ ಭಾಷೆಯಲ್ಲಿ ಕುದುರೆಯ ಲಾಯದಿಂದ ಹೊರಟು ಬಹುದೂರ ಸಾಗಿದ ಪದಗಳು ಹಲವಿವೆ. 'ರಿಯಾಳ' ಎಂದರೆ ಮೂಲತಃ ಮರಿಯನ್ನು ಪಳಗಿಸುವುದು. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ ಆತ್ಮದ ಪಳಗಿಸುವಿಕೆಗೆ ಮೀಸಲಿಟ್ಟ ಅಧ್ಯಾಯಕ್ಕೆ ಇದೇ ಪದವನ್ನು ಇರಿಸಿದರು. ಧಾರವಾಡದ ಗಾಯಕರು ಬೆಳಗಿನ ಜಾವ ಕುಳಿತು ಮಾಡುವ 'ರಿಯಾಜ್' ಕೂಡ ಅದೇ ಪದ. ರಾಜ್ಯಾಡಳಿತಕ್ಕೆ ಹೇಳುವ 'ಸಿಯಾಸತ್' ಮತ್ತು ಕುದುರೆ ನೋಡಿಕೊಳ್ಳುವ 'ಸಾಯಿಸ್' ಒಂದೇ ಧಾತುವಿನ ಮಕ್ಕಳು. ನಮ್ಮ ಕನ್ನಡಕ್ಕೂ ಸವಾರ, ಲಗಾಮು, ಜೀನು, ರಿಕಾಪು ಎಲ್ಲವೂ ಕುದುರೆಗಳ ಜೊತೆಗೇ ಹಡಗಿಳಿದು, ದಂಡಿನ ಹಿಂದೆ ನಡೆದು ಬಂದವು. ಕಡಿವಾಣ ಮಾತ್ರ ನಮ್ಮದೇ. ಕನ್ನಡ ಓದಿದವನಾದ್ದರಿಂದ ನನಗೊಂದು ಕುಚೋದ್ಯ ಸದಾ ನೆನಪಾಗುತ್ತದೆ: 'ಸಾಯಿಸ್' ಎಂಬುದಕ್ಕೆ ಒಂದು ಉಕಾರ ಸೇರಿಸಿದರೆ ಕನ್ನಡದಲ್ಲಿ ಅದು 'ಸಾಯಿಸು' ಆಗುತ್ತದೆ. ಕುದುರೆ ಸಾಕುವವರಲ್ಲಿ ಎರಡೂ ಬಗೆಯವರನ್ನು ನಾನು ನೋಡಿದ್ದೇನೆ.

ಇನ್ನು ಮರಿಯ ವಿಷಯಕ್ಕೆ ಬರೋಣ. ತಾಯಿಯ ಹೊಟ್ಟೆಯಲ್ಲಿ ಸುಮಾರು 11 ತಿಂಗಳು ಬೆಳೆದು ಬರುವ ಕುದುರೆ ಮರಿ ಹುಟ್ಟಿದ ಒಂದು ಗಂಟೆಯೊಳಗೆ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ, ಎರಡು ಗಂಟೆಯೊಳಗೆ ಮೊಲೆಯುಣ್ಣುತ್ತದೆ. ಮೊದಲ ದಿನದ ಗಿಣ್ಣುಹಾಲು ಅದರ ಹೊಟ್ಟೆಗೆ ಸೇರಲೇಬೇಕು. ಏಕೆಂದರೆ ರೋಗ ತಡೆಯುವ ಶಕ್ತಿಯನ್ನು ಆ ಹಾಲಿನಿಂದ ಹೀರಿಕೊಳ್ಳುವ ಸಾಮರ್ಥ್ಯ ಮರಿಯ ಕರುಳಿಗೆ ಒಂದು ದಿನ ಮಾತ್ರ ಇರುತ್ತದೆ. ಇಷ್ಟು ಬೇಗ ಕಾಲೂರಿ ನಿಲ್ಲುವ ಪ್ರಾಣಿ ಬೇಗ ಬಲಿಯುತ್ತದೆಂದು ನಾವು ತಿಳಿಯುತ್ತೇವೆ. ಅಲ್ಲಿಯೇ ತಪ್ಪುವುದು. ಎರಡು ವರ್ಷಕ್ಕೆ ಅದು ತನ್ನ ಪೂರ್ಣ ಎತ್ತರದ ಬಹುಪಾಲನ್ನು ಮುಟ್ಟಿರುತ್ತದೆ, ಆದರೆ ಎಲುಬುಗಳು ಇನ್ನೂ ಮುಗಿದಿರುವುದಿಲ್ಲ. ಪ್ರತಿ ಉದ್ದ ಎಲುಬಿನ ತುದಿಯಲ್ಲಿ ಬೆಳವಣಿಗೆಗೆಂದು ಮೆದುವಾದ ಒಂದು ಪದರವಿರುತ್ತದೆ. ಅದು ಗಟ್ಟಿ ಎಲುಬಾಗುವುದು ಕೆಳಗಿನಿಂದ ಮೇಲಕ್ಕೆ, ಬೇರೆ ಬೇರೆ ವಯಸ್ಸಿನಲ್ಲಿ. ಗೊರಸಿನ ಹತ್ತಿರದ ಎಲುಬುಗಳು ಮೊದಲ ವರ್ಷದಲ್ಲೇ ಬಲಿಯುತ್ತವೆ. ಮುಂಗಾಲಿನ ಮಂಡಿಯ ಮೇಲಿನ ಎಲುಬಿನ ತುದಿ ಬಲಿಯಲು ಎರಡು, ಎರಡೂವರೆ ವರ್ಷ ಬೇಕು. ಎಲ್ಲಕ್ಕಿಂತ ಕೊನೆಗೆ, ಐದು ವರ್ಷ ದಾಟಿದ ಮೇಲೆ ಬಲಿಯುವುದು ಬೆನ್ನೆಲುಬು. ನಾವು ಮೊದಲು ಹತ್ತಿ ಕೂರುವುದು ಅದರ ಮೇಲೆಯೇ.

ಬಾಯಿಯ ಕಥೆಯೂ ಹಾಗೆಯೇ. ಕುದುರೆಗೆ ಮುಂದಿನ ಹಾಲುಹಲ್ಲುಗಳು ಬಿದ್ದು ಶಾಶ್ವತ ಹಲ್ಲು ಬರುವುದು ಎರಡೂವರೆ, ಮೂರೂವರೆ ಮತ್ತು ನಾಲ್ಕೂವರೆ ವರ್ಷಗಳ ಹೊತ್ತಿಗೆ. ಅದಕ್ಕೇ ಕುದುರೆಯ ತುಟಿ ಎತ್ತಿ ನೋಡಿ ವಯಸ್ಸು ಹೇಳುತ್ತಾರೆ. ಒಸಡು ಊದಿಕೊಂಡು ಹಲ್ಲು ಅಲ್ಲಾಡುತ್ತಿರುವ ಆ ದಿನಗಳಲ್ಲಿ ಬಾಯಿಗೆ ಕಬ್ಬಿಣದ ಕಡಿವಾಣ ತುರುಕಿ ಎಳೆದರೆ ಮರಿ ತಲೆ ಕೊಡವುತ್ತದೆ. 'ಹಟಮಾರಿ ಕುದುರೆ' ಎಂದು ನಾವು ಹೆಸರಿಡುತ್ತೇವೆ. ಹಲ್ಲು ಬರುತ್ತಿರುವ ಕೂಸು ಅತ್ತರೆ ಅದಕ್ಕೆ ಹಟಮಾರಿ ಎನ್ನುವ ತಾಯಿ ಎಲ್ಲಾದರೂ ಇದ್ದಾಳೆಯೇ?

ಇದಕ್ಕೆ ಒಂದು ಪ್ರತಿವಾದವಿದೆ, ಅದನ್ನು ಮುಚ್ಚಿಡಬಾರದು. ಚಿಕ್ಕಂದಿನಲ್ಲಿ ಓಡಾಡಿದ ಮರಿಗಳ ಎಲುಬು ಮತ್ತು ಕೀಲುಗಳು ಲಾಯದಲ್ಲಿ ಕಟ್ಟಿಹಾಕಿ ಬೆಳೆಸಿದವುಗಳಿಗಿಂತ ಗಟ್ಟಿಯಾಗಿರುತ್ತವೆಂದು ಪಶುವೈದ್ಯರು ಹೇಳುತ್ತಾರೆ. ಅದು ನಿಜ. ಮರಿಗೆ ಓಟ ಬೇಕು. ಬಯಲಲ್ಲಿ ತಾಯಿಯ ಹಿಂದೆ, ಇತರ ಮರಿಗಳ ಜೊತೆಗೆ, ತನಗೆ ಬೇಕಾದಾಗ ಓಡಿ ಬೇಡವಾದಾಗ ನಿಲ್ಲುವ ಓಟ ಬೇಕು. ಬೆನ್ನ ಮೇಲೆ ನಲವತ್ತು ಐವತ್ತು ಕಿಲೋ ಹೊತ್ತು, ಇನ್ನೊಬ್ಬರ ಹಿಮ್ಮಡಿಯ ಪೆಟ್ಟಿಗೆ ಓಡುವ ಓಟ ಬೇರೆ. ಬೆಳೆದು ಬಲಿತ ಕುದುರೆಗೂ ಜೀನು ಸೇರಿ ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂಬುದು ತಿಳಿದವರ ಲೆಕ್ಕ. ಮರಿಗೆ ಆ ಲೆಕ್ಕವೂ ಅನ್ವಯಿಸುವುದಿಲ್ಲ.

ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಇಬ್ನು ಉಮರ್(ರ)ರಿಂದ ವರದಿಯಾದ ಒಂದು ಪ್ರಸಂಗವನ್ನು ನಾವು ತರಗತಿಯಲ್ಲಿ ಓದಿಸುತ್ತೇವೆ. ಮಕ್ಕಳು ಉತ್ಸಾಹದಿಂದ ಕೇಳುತ್ತಾರೆ. ಪ್ರವಾದಿ(ಸ)ರು ಮದೀನದಲ್ಲಿ ಕುದುರೆ ಓಟ ಏರ್ಪಡಿಸಿದರು. ಓಟ ಒಂದಲ್ಲ, ಎರಡು. ತರಬೇತಿಗೊಳಿಸಿ ಸಜ್ಜುಗೊಳಿಸಿದ ಕುದುರೆಗಳಿಗೆ ಹಫ್ಯಾ ಎಂಬಲ್ಲಿಂದ ಸನಿಯ್ಯತುಲ್ ವದಾ ತನಕ ಐದಾರು ಮೈಲುಗಳ ಓಟ. ಸಜ್ಜುಗೊಳಿಸದ ಕುದುರೆಗಳಿಗೆ ಸನಿಯ್ಯತುಲ್ ವದಾದಿಂದ ಬನೂ ಝುರೈಕ್‌ನವರ ಮಸೀದಿಯ ತನಕ ಸುಮಾರು ಒಂದೇ ಮೈಲು. ಇಬ್ನು ಉಮರ್(ರ)ರು ಸ್ವತಃ ಆ ಓಟದಲ್ಲಿ ಭಾಗವಹಿಸಿದ್ದರು. ಈ ಹದೀಸಿನಿಂದ ಓಟದ ಪಂದ್ಯ ಅನುವದನೀಯವೆಂಬ ಮಸ್‌ಅಲವನ್ನು ತೆಗೆದು ನಾವು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಸಜ್ಜಾಗದ ಕುದುರೆಯನ್ನು ಸಜ್ಜಾದ ಕುದುರೆಯ ಸಾಲಿನಲ್ಲಿ ನಿಲ್ಲಿಸಲಿಲ್ಲ, ಅದರ ಶಕ್ತಿಗೆ ತಕ್ಕ ದೂರವನ್ನೇ ಗುರುತಿಸಿಕೊಟ್ಟರು ಎಂಬುದರ ಬಳಿ ಯಾರೂ ನಿಲ್ಲುವುದಿಲ್ಲ. ಆ ಕಾಲದ ಸಜ್ಜುಗೊಳಿಸುವಿಕೆಗೆ 'ಇಳ್ಮಾರ್' ಎಂದು ಹೆಸರು. ಮೊದಲು ಚೆನ್ನಾಗಿ ಮೇಯಿಸಿ ಮೈ ತುಂಬಿಸುವುದು, ಆಮೇಲೆ ಮೇವನ್ನು ಅಗತ್ಯದಷ್ಟಕ್ಕೆ ಇಳಿಸುವುದು, ಬಟ್ಟೆ ಹೊದಿಸಿ ಬೆವರಿಸಿ ಕೊಬ್ಬು ಕರಗಿಸಿ ಮಾಂಸವನ್ನು ಬಿಗಿಗೊಳಿಸುವುದು. ಅದೊಂದು ತಾಳ್ಮೆಯ ಕಸುಬಾಗಿತ್ತು. ಅಬ್ಬಾಸಿ ಕಾಲದಲ್ಲಿ ಇಬ್ನು ಅಖೀ ಹಿಝಾಮ್, ಮಮ್ಲೂಕರ ಕೈರೋದಲ್ಲಿ ಅಬೂಬಕ್ರ್ ಅಲ್ ಬೈತಾರ್ ಈ ಕಸುಬಿನ ಮೇಲೆ ದಪ್ಪ ಗ್ರಂಥಗಳನ್ನೇ ಬರೆದರು. ಹದೀಸ್ ಮತ್ತು ಫಿಕ್ಹ್‌ನ ವಿದ್ವಾಂಸರಾದ ಇಬ್ನುಲ್ ಕಯ್ಯಿಮ್ ಕೂಡ 'ಅಲ್ ಫುರೂಸಿಯ್ಯ' ಎಂಬ ಗ್ರಂಥ ಬರೆದಿದ್ದಾರೆ.

ಕುದುರೆಯ ಪೋಷಣೆ ತಿಳಿಯದೆ ಕುದುರೆ ತಂದರೆ ಏನಾಗುತ್ತದೆಂಬುದಕ್ಕೆ ನಮ್ಮ ದಕ್ಷಿಣವೇ ಸಾಕ್ಷಿ. ಅರಬಿ ಕುದುರೆಗಳನ್ನು ತುಂಬಿದ ಹಡಗುಗಳು ಹುರ್ಮುಝ್‌ನಿಂದ ಭಟ್ಕಳದಂತಹ ಬಂದರುಗಳಿಗೆ ಬರುತ್ತಿದ್ದವು. ವಿಜಯನಗರದ ಅರಸರು ಚಿನ್ನ ಸುರಿದು ಅವನ್ನು ಕೊಂಡರು. ಅದಕ್ಕೂ ಮೊದಲು, 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೋ ಪೋಲೋ, ಅಲ್ಲಿಗೆ ವರ್ಷವರ್ಷವೂ ಕುದುರೆಗಳು ಸಾವಿರಗಟ್ಟಲೆ ಬರುತ್ತವೆ, ಸಾಕಲು ತಿಳಿಯದೆ ಬಹುಪಾಲು ಸಾಯುತ್ತವೆ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಕೊಳ್ಳುವ ಹಣವಿತ್ತು, ಸಾಕುವ ಅರಿವಿರಲಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ದಂಡಿಗೆಂದು ಕುದುರೆಗಳನ್ನು ಇಲ್ಲೇ ಹುಟ್ಟಿಸಿ ಬೆಳೆಸಲು ಕುಣಿಗಲ್ಲಿನಲ್ಲಿ ಏರ್ಪಾಡಾಯಿತು. ಆ ಕುದುರೆ ಫಾರಂ ಇಂದಿಗೂ ಕುಣಿಗಲ್ಲಿನ ಗುರುತು.

ನನ್ನ ದಾದಾ ಜಟಕಾ ಓಡಿಸುತ್ತಿದ್ದವರು. ತುಮಕೂರು ಸೀಮೆಯ ಒಂದು ಸಣ್ಣ ಪೇಟೆ ನಮ್ಮದು. ಬಸ್ ಸ್ಟ್ಯಾಂಡಿನ ಎದುರು ಎಂಟು ಹತ್ತು ಜಟಕಾಗಳು ನಿಲ್ಲುತ್ತಿದ್ದವು. ಬಹುತೇಕ ಎಲ್ಲವೂ ನಮ್ಮವರದ್ದೇ. ಅವರೆಲ್ಲ ಪ್ರಾಣಿದಯೆಯ ಪ್ರತಿರೂಪಗಳೆಂದು ನಾನು ಹೇಳಲಾರೆ. ದಾದಾರ ಕೈಯಲ್ಲೂ ಚಾಬೂಕು ಇರುತ್ತಿತ್ತು. ಸಂತೆಯ ದಿನ ಗಾಡಿಗೆ ಜನ ಹೆಚ್ಚು ತುಂಬಿಸುತ್ತಿದ್ದುದೂ ಉಂಟು. ಆದರೆ ಒಂದು ವಿಷಯದಲ್ಲಿ ಅವರು ಕಲ್ಲು: ನಾಲ್ಕು ತುಂಬದ ಕುದುರೆಯನ್ನು ಗಾಡಿಗೆ ಹೂಡುತ್ತಿರಲಿಲ್ಲ. ಹೊಟ್ಟೆಪಾಡಿನ ಮಾತಿದು, ಕುದುರೆ ಕುಂಟಿದರೆ ಮನೆಯ ಒಲೆ ಹತ್ತುವುದಿಲ್ಲ.

ಅವರ ಹೆಣ್ಣು ಕುದುರೆ ಮೋತಿ ಒಂದು ಗಂಡು ಮರಿ ಹಾಕಿತು. ಬೂದು ಬಣ್ಣದ ಅದಕ್ಕೆ ಬಾದಲ್ ಎಂದು ಹೆಸರಿಟ್ಟೆವು. ದಾದಾ ಆ ಮರಿಯನ್ನು ಬೆಳೆಸಿದ ರೀತಿಯನ್ನು ನಾನು ದಿನವೂ ನೋಡಿದವನು. ಮೊದಲ ವಾರದಿಂದಲೇ ಅದರ ಮೈಯೆಲ್ಲ ಕೈಯಾಡಿಸುತ್ತಿದ್ದರು: ಕಿವಿ, ಹೊಟ್ಟೆಯ ಅಡಿ, ತೊಡೆಯ ಸಂದು. ಕಾಲನ್ನೆತ್ತಿ ಗೊರಸನ್ನು ಬೆರಳಿನಿಂದ ತಟ್ಟಿ ಮತ್ತೆ ಕೆಳಗಿಡುತ್ತಿದ್ದರು. ಮರಿ ಕಾಲು ಕೊಡವಿಕೊಳ್ಳುವಾಗ ಬಿಡುತ್ತಿರಲಿಲ್ಲ, ಸುಮ್ಮನಾದ ಕ್ಷಣಕ್ಕೆ ಬಿಡುತ್ತಿದ್ದರು. ಬಹಳ ವರ್ಷಗಳ ನಂತರ ಕುದುರೆ ತರಬೇತಿಯ ಬಗ್ಗೆ ಓದುವಾಗ ತಿಳಿಯಿತು, ಇಡೀ ವಿದ್ಯೆಯ ಬುಡ ಅಲ್ಲೇ ಇದೆಯೆಂದು. ಕುದುರೆಗೆ ಬಹುಮಾನವೆಂದರೆ ಬೆಲ್ಲವಲ್ಲ, ಒತ್ತಡದಿಂದ ಬಿಡುಗಡೆ. ಹಗ್ಗ ಬಿಗಿಯಾದಾಗ ಒಂದು ಹೆಜ್ಜೆ ಮುಂದಿಟ್ಟರೆ ಹಗ್ಗ ಅದೇ ಗಳಿಗೆ ಸಡಿಲವಾಗಬೇಕು. ಎರಡು ಗಳಿಗೆ ತಡವಾದರೆ ಅದಕ್ಕೆ ಏತಕ್ಕಾಗಿ ಸಡಿಲವಾಯಿತೆಂದೇ ತಿಳಿಯುವುದಿಲ್ಲ. ಒದೆಯುವಾಗ ಹೆದರಿ ಬಿಟ್ಟರೆ ಒದ್ದರೆ ಬಿಡುತ್ತಾರೆಂದು ಕಲಿಯುತ್ತದೆ. ಅದು ಕೆಟ್ಟದ್ದನ್ನೂ ಒಳ್ಳೆಯದನ್ನೂ ಅಷ್ಟೇ ಬೇಗ ಕಲಿಯುವ ಪ್ರಾಣಿ.

ಆರು ತಿಂಗಳಿಗೆ ಮೊಲೆ ಬಿಡಿಸಿದಾಗ ಒಂಟಿಯಾಗಿ ಕಟ್ಟಲಿಲ್ಲ. ಪಕ್ಕದವರ ಒಂದು ಮುದಿ ಕುದುರೆಯ ಜೊತೆ ಬಿಟ್ಟರು. ಮರಿ ಕಚ್ಚಲು ಹೋದರೆ ಆ ಮುದುಕ ಕಿವಿ ಹಿಂದಕ್ಕೆ ಮಡಚಿ ಒಮ್ಮೆ ಹಲ್ಲು ತೋರಿಸುತ್ತಿತ್ತು, ಅಷ್ಟೇ. ದಾದಾ ಅದನ್ನು ಮರಿಯ ಉಸ್ತಾದ್ ಎಂದು ಕರೆಯುತ್ತಿದ್ದರು. ಒಂದು ವರ್ಷದ ಮೇಲೆ ತಲೆಗೆ ಹಗ್ಗ ಹಾಕಿ ಜೊತೆಯಲ್ಲಿ ನಡೆಸಿಕೊಂಡು ಸಂತೆ, ಗಿರಣಿ, ರೈಲ್ವೆ ಗೇಟು ತೋರಿಸಿ ತರುತ್ತಿದ್ದರು. ಕುದುರೆ ಬೇಟೆಗಾರನಲ್ಲ, ಬೇಟೆಯಾಗುವ ಜಾತಿ. ಹಣೆಯ ನೇರ ಎದುರಿಗೆ ಮತ್ತು ಬಾಲದ ನೇರ ಹಿಂದಕ್ಕೆ ಬಿಟ್ಟರೆ ಸುತ್ತಲಿನದೆಲ್ಲ ಅದರ ಕಣ್ಣಿಗೆ ಬೀಳುತ್ತದೆ. ಹಾರುವ ಒಂದು ಪ್ಲಾಸ್ಟಿಕ್ ಚೀಲವೂ ಅದಕ್ಕೆ ಚಿರತೆಯೇ. ಆ ಭಯವನ್ನು ಹೊಡೆದು ಓಡಿಸಲಾಗದು. ನೋಡಿಸಿ, ಮೂಸಿಸಿ, ಮತ್ತೆ ನೋಡಿಸಿ ಕರಗಿಸಬೇಕು. ಎರಡನೆಯ ವರ್ಷದ ಕೊನೆಗೆ ಬೆನ್ನ ಮೇಲೆ ಗೋಣಿಚೀಲ ಹೊದಿಸುವುದು, ಹೊಟ್ಟೆಗೆ ಪಟ್ಟಿ ಬಿಗಿಯದೆ ಸುಮ್ಮನೆ ಸುತ್ತುವುದು. ದಿನಕ್ಕೆ ಹದಿನೈದು ನಿಮಿಷ ಅಷ್ಟೇ, ಅಸರ್ ಅಝಾನ್ ಕೇಳಿದೊಡನೆ ಪಾಠ ಮುಗಿಯಿತು. ಸವಾರಿ ಕುದುರೆಯಾದರೂ ಕ್ರಮ ಇದೇ. ಮೂರನೆಯ ವರ್ಷದಲ್ಲಿ ಹಿಂದಿನಿಂದ ಉದ್ದನೆಯ ಎರಡು ಲಗಾಮು ಹಿಡಿದು ನಡೆಸಿ ತಿರುಗುವುದನ್ನೂ ನಿಲ್ಲುವುದನ್ನೂ ಕಲಿಸುತ್ತಾರೆ. ಆಮೇಲೆ ಖಾಲಿ ಜೀನು. ಆಮೇಲೆ ಹಗುರ ಮೈಯ, ಅನುಭವವುಳ್ಳ ಒಬ್ಬರು ಬೆನ್ನ ಮೇಲೆ ಹೊಟ್ಟೆ ಊರಿ ಮಲಗಿ ಇಳಿಯುವುದು. ಹತ್ತಿ ಕೂತು ನಡೆಸುವುದು ಮೂರೂವರೆ ನಾಲ್ಕರ ಹೊತ್ತಿಗೆ, ಪೂರ್ಣ ಓಟ ಐದರ ಮೇಲೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಮುದ್ದಿನಿಂದ ಕೆಟ್ಟ ಮರಿ ಪೆಟ್ಟಿನಿಂದ ಕೆಟ್ಟ ಮರಿಗಿಂತ ಅಪಾಯಕಾರಿ. ತಾಯಿಯಿಲ್ಲದೆ ಬಾಟಲಿ ಹಾಲು ಕುಡಿದು, ಮನೆಯ ಮಕ್ಕಳ ಜೊತೆ ಆಟವಾಡಿ ಬೆಳೆದ ಕುದುರೆಗೆ ಮನುಷ್ಯನ ಭಯವೂ ಇರುವುದಿಲ್ಲ, ಮರ್ಯಾದೆಯೂ ಇರುವುದಿಲ್ಲ. ಚಿಕ್ಕದಿದ್ದಾಗ ಭುಜದ ಮೇಲೆ ಮುಂಗಾಲಿಟ್ಟರೆ ಎಲ್ಲರೂ ನಗುತ್ತಾರೆ. ನಾಲ್ಕು ನೂರು ಕಿಲೋ ಆದಾಗಲೂ ಅದು ಹಾಗೆಯೇ ಕಾಲೆತ್ತುತ್ತದೆ. ಕರುಣೆಯೆಂದರೆ ಹದ್ದಿಲ್ಲದಿರುವುದಲ್ಲ. ಒಮ್ಮೆ ಆಯಿಶಾ(ರ)ರು ಏರಿದ್ದ ಒಂಟೆ ಪಳಗದ್ದಾಗಿತ್ತು. ಅವರು ಅದನ್ನು ಅತ್ತಿತ್ತ ಜಗ್ಗತೊಡಗಿದಾಗ, ಮೃದುತ್ವ ಯಾವುದರಲ್ಲಿದ್ದರೂ ಅದನ್ನು ಚೆಂದಗೊಳಿಸುತ್ತದೆ ಎಂಬ ಪ್ರಸಿದ್ಧ ಬೋಧನೆಯನ್ನು ಪ್ರವಾದಿ(ಸ)ರು ಅವರಿಗೆ ನೀಡಿದ್ದು ಮುಸ್ಲಿಮ್‌ನ ವರದಿಯಲ್ಲಿದೆ. ಈ ಬೋಧನೆಯನ್ನು ನಾವು ಗಂಡಹೆಂಡಿರಿಗೆ, ಅತ್ತೆಸೊಸೆಯರಿಗೆ ಎಷ್ಟೋ ಬಾರಿ ಹೇಳಿದ್ದೇವೆ. ಅದು ಮೊದಲು ಬಂದದ್ದು ಪಳಗದ ಒಂದು ಪ್ರಾಣಿಯ ಬೆನ್ನ ಮೇಲಿದ್ದಾಗ ಎಂಬುದು ಮರೆತೇಹೋಗಿದೆ. ಇಳಿದುಬಿಡಿರೆಂದು ಅಲ್ಲಿ ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು.

ಬೆಂಗಳೂರಿನ ರೇಸಿನ ಬಾಜಿಯನ್ನು ನಾವೆಲ್ಲ ಹರಾಮ್ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. ಆ ಓಟಗಳಲ್ಲಿ ಎರಡು ವರ್ಷದ ಮರಿಗಳನ್ನೂ ಓಡಿಸುತ್ತಾರೆ. ಅಲ್ಲಿ ಹಣದ ಆಸೆ ಮರಿಯ ಬೆನ್ನೇರುತ್ತದೆ. ಬಾಜಿಯಿಂದ ದೂರವಿರುವ ನಾವು ವೀಡಿಯೋಗಾಗಿ ಅದೇ ವಯಸ್ಸಿನ ಮರಿಯನ್ನು ಏರಿದರೆ, ಮರಿಯ ಮಂಡಿಗೆ ಆ ವ್ಯತ್ಯಾಸ ತಿಳಿಯುವುದೇ? ಕುದುರೆ ಸಾಕುವವರನ್ನು ಪ್ರವಾದಿ(ಸ)ರು ಮೂರು ಬಗೆಯಾಗಿ ವಿಂಗಡಿಸಿದ್ದು ಬುಖಾರಿಯಲ್ಲಿದೆ. ಒಬ್ಬನಿಗೆ ಅದು ಪುಣ್ಯ, ಒಬ್ಬನಿಗೆ ಬಡತನದಿಂದ ರಕ್ಷಣೆ, ಇನ್ನೊಬ್ಬನಿಗೆ ಪಾಪದ ಹೊರೆ. ಆ ಮೂರನೆಯವನ ಲಕ್ಷಣಗಳಲ್ಲಿ ಮೊದಲಿನವು ಜಂಭ ಮತ್ತು ತೋರಿಕೆ. ಕುದುರೆ ಸಾಕಿದ ಮಾತ್ರಕ್ಕೆ ಸುನ್ನತ್ ಆಗಿಬಿಡುವುದಿಲ್ಲ.

ಮಕ್ಕಳ ವಿಷಯದಲ್ಲೂ ನಮಗೆ ಇದೇ ಅವಸರ. ನಮಾಝನ್ನು ಏಳನೆಯ ವಯಸ್ಸಿಗೆ ಹೇಳಿಕೊಡಿ, ಶಿಸ್ತಿನ ಕ್ರಮ ಹತ್ತಕ್ಕೆ ಎಂಬ ನಿರ್ದೇಶನದಲ್ಲಿ ಮೂರು ವರ್ಷಗಳ ಬಿಡುವಿದೆ. ಆ ಬಿಡುವನ್ನು ಕೊಡದೆ, ಐದು ತುಂಬದ ಮಗುವನ್ನು ಹಿಫ್ಝ್‌ಗೆ ತಂದು ಕೂರಿಸಿ "ಎಷ್ಟು ತಿಂಗಳಿಗೆ ಮುಗಿಸಿಕೊಡುತ್ತೀರಿ?" ಎಂದು ಕೇಳುವ ಪೋಷಕರು ನನಗೆ ಪ್ರತಿ ಶವ್ವಾಲಿನಲ್ಲೂ ಸಿಗುತ್ತಾರೆ. ಹೆಚ್ಚು ಬರೆದರೆ ವಿಷಯ ಬದಲಾಗುತ್ತದೆ, ಬಿಡಿ.

ಕೊನೆಗೆ ಆ ತಂದೆಯ ಮನೆಗೇ ಹೋದೆ. ಮರಿ ಮಾವಿನ ಮರದಡಿ ನಿಂತಿತ್ತು, ಒಳ್ಳೆಯ ತಳಿ. ಅದಕ್ಕೆ ಬೇಯಿಸಿದ ಹುರುಳಿ ತಿನ್ನಿಸುತ್ತಿದ್ದುದು ಮಗನಲ್ಲ, ಒಂಬತ್ತು ವರ್ಷದ ಮಗಳು. ಮೈ ತಿಕ್ಕುವುದೂ ಅವಳೇ ಅಂತೆ, ವೀಡಿಯೋದಲ್ಲಿ ಅವಳಿರಲಿಲ್ಲ. ನಾನು ಹೇಳಿದ್ದಿಷ್ಟು: ಇನ್ನೆರಡು ವರ್ಷ ಯಾರೂ ಹತ್ತಬೇಡಿ. ಹುಡುಗನಿಗೆ ಸವಾರಿ ಕಲಿಯಲೇಬೇಕಿದ್ದರೆ, ಸಾವಿರ ಸಲ ಸವಾರರನ್ನು ಹೊತ್ತ ಮುದಿ ಕುದುರೆಯ ಮೇಲೆ, ತಿಳಿದವರ ಬಳಿ ಕಲಿಯಲಿ. ಏನೂ ತಿಳಿಯದ ಹುಡುಗ, ಏನೂ ತಿಳಿಯದ ಮರಿ, ಇಬ್ಬರನ್ನೂ ಜೊತೆಗೆ ಬಿಟ್ಟರೆ ಒಬ್ಬರಿಗಂತೂ ಪೆಟ್ಟು ಖಚಿತ. ಈಗಿನಿಂದ ಮರಿಯನ್ನು ಇಬ್ಬರೂ ನಡೆಸಲಿ, ಗೊರಸು ತೊಳೆಯಲಿ, ಬೇರೆ ಕುದುರೆಗಳ ಜೊತೆ ಬಿಡಲು ಜಾಗ ಹುಡುಕಲಿ.

"ಎರಡು ವರ್ಷ! ಅಷ್ಟರಲ್ಲಿ ಇವನಿಗೆ ಹದಿನೈದಾಗುತ್ತದೆ. ಗೆಳೆಯರೆಲ್ಲ ಈಗಲೇ ಓಡಿಸುತ್ತಿದ್ದಾರೆ" ಎಂದರು ಅವರು. ನಾನು ಜರೀರ್ ಬಿನ್ ಅಬ್ದುಲ್ಲಾಹ್(ರ)ರ ಕಥೆ ಹೇಳಿದೆ. ಅವರು ತಮ್ಮ ಗೋತ್ರದ ನಾಯಕರು. ಆದರೂ ಕುದುರೆಯ ಮೇಲೆ ಸ್ಥಿರವಾಗಿ ಕೂರಲು ತಮಗಾಗದೆಂದು ಪ್ರವಾದಿ(ಸ)ರ ಬಳಿ ಹೇಳಿಕೊಂಡರು. ಪ್ರವಾದಿ(ಸ)ರು ನಗಲಿಲ್ಲ, ಅವರ ಎದೆಗೆ ಕೈತಟ್ಟಿ ದುಆ ಮಾಡಿದರು. ಬೆಳೆದ ಗಂಡಸು, ನಾಯಕನಾದವನು ಸವಾರಿ ಬಾರದೆಂದು ಹೇಳಿಕೊಳ್ಳಲು ನಾಚಲಿಲ್ಲ. ಹದಿನೈದರ ಹುಡುಗನಿಗೆ ಏತರ ನಾಚಿಕೆ?

ಹುಡುಗ ಕೇಳುತ್ತಾ ನಿಂತಿದ್ದ. ಅವನಿಗೆ ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು. ಅವನಿಗೆ ನಾನು ಬಾದಲ್‌ನ ಉಳಿದ ಕಥೆಯನ್ನು ಹೇಳಿದೆ. ಇದುವರೆಗೆ ನನ್ನ ಮಕ್ಕಳಿಗೂ ಹೇಳಿರಲಿಲ್ಲ.

ಬಾದಲ್‌ಗೆ ಇಪ್ಪತ್ತು ತಿಂಗಳಾಗಿದ್ದಾಗ ನನಗೂ ಹದಿಮೂರು. ಬಕ್ರೀದ್‌ನ ಮರುದಿನ ದಾದಾ ನೆಂಟರ ಊರಿಗೆ ಹೋಗಿದ್ದರು. ನಾನೂ ನನ್ನ ಚಿಕ್ಕಪ್ಪನ ಮಗನೂ ಬಾದಲ್‌ನನ್ನು ಕೆರೆ ಏರಿಯ ಮೇಲೆ ಕರೆದೊಯ್ದೆವು. ಮೊದಲು ನಾನು ಹತ್ತಿದೆ. ಅದು ಒದೆಯಲಿಲ್ಲ, ಕೊಡವಲಿಲ್ಲ. ದಾದಾ ಅಷ್ಟು ಚೆನ್ನಾಗಿ ಬೆಳೆಸಿದ್ದರು, ಮನುಷ್ಯರು ತನಗೆ ಕೆಡುಕು ಮಾಡುವರೆಂದು ಅದಕ್ಕೆ ತಿಳಿದೇ ಇರಲಿಲ್ಲ. ಆಮೇಲೆ ಇಬ್ಬರೂ ಹತ್ತಿದೆವು. ಏರಿಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಎಷ್ಟು ಸಲವೆಂದು ಲೆಕ್ಕವಿಲ್ಲ. ಕೊನೆಯ ಸಲ ತೂಬಿನ ಬಳಿ ಅದು ಒಮ್ಮೆಲೆ ನಿಂತಿತು, ಬಲ ಮುಂಗಾಲನ್ನು ಊರಲಿಲ್ಲ. ಸಂಜೆಯ ಹೊತ್ತಿಗೆ ಮಂಡಿ ಗಡಿಗೆಯಂತೆ ಊದಿತ್ತು.

ದಾದಾ ಬಂದು ನೋಡಿದರು. ನನ್ನನ್ನು ಹೊಡೆಯಲಿಲ್ಲ, ಒಂದು ಮಾತು ಆಡಲಿಲ್ಲ. ಬಾವಿಕಟ್ಟೆಯ ಮೇಲಿದ್ದ ಬಕೆಟ್ಟನ್ನು ತಂದು ನನ್ನ ಕೈಗಿಟ್ಟರು. ಫಜ್ರ್ ಆದ ಮೇಲೆ ಒಮ್ಮೆ, ಅಸರ್ ಆದ ಮೇಲೆ ಒಮ್ಮೆ, ಆ ಮಂಡಿಯ ಮೇಲೆ ತಣ್ಣೀರು ಸುರಿಯುವ ಕೆಲಸ ನನ್ನದಾಯಿತು. ಬಟ್ಟೆ ಒದ್ದೆ ಮಾಡಿ ಕಟ್ಟಬೇಕು, ಒಣಗಿದರೆ ಮತ್ತೆ ಒದ್ದೆ ಮಾಡಬೇಕು. ನಲವತ್ತು ದಿನಕ್ಕೂ ಮಿಗಿಲಾಗಿ ಮಾಡಿದೆ. ನಾನು ಬಕೆಟ್ ಹಿಡಿದು ಬರುವ ಸದ್ದು ಕೇಳಿದರೆ ಬಾದಲ್ ತಾನಾಗಿಯೇ ಆ ಕಾಲನ್ನು ಮುಂದೆ ಚಾಚುತ್ತಿತ್ತು. ಊತ ಇಳಿಯಿತು, ಕುಂಟು ಹೋಗಲಿಲ್ಲ. ಗಾಡಿಗೆ ಅದು ಎಂದೂ ಬರಲಿಲ್ಲ. ಮರುವರ್ಷ ಮೋತಿಗೆ ವಯಸ್ಸಾಗಿ ದಾದಾ ಜಟಕಾ ನಿಲ್ಲಿಸಿದರು. ಅಬ್ಬಾ ಹಮಾಲಿ ಕೆಲಸಕ್ಕೆ ಹೋದರು, ನನ್ನನ್ನು ದೂರದ ಮದ್ರಸಾಕ್ಕೆ ಸೇರಿಸಿದರು. ರಜೆಗೆ ಬಂದಾಗ ಲಾಯ ಖಾಲಿಯಿತ್ತು. ಬಾದಲ್‌ನನ್ನು ಯಾರಿಗೆ ಕೊಟ್ಟಿರೆಂದು ದಾದಾರನ್ನು ಕೇಳುವ ಧೈರ್ಯ ನನಗಾಗಲಿಲ್ಲ, ಅವರಾಗಿ ಹೇಳಲೂ ಇಲ್ಲ.

ಹುಡುಗ ಏನೂ ಹೇಳಲಿಲ್ಲ. ತಂಗಿ ಕೈಯಲ್ಲಿದ್ದ ಹುರುಳಿಯ ಬೋಗುಣಿಯನ್ನು ಅವನತ್ತ ಚಾಚಿದಳು. ಅವನು ಅದನ್ನು ತೆಗೆದುಕೊಂಡು ಮರದ ಕಡೆಗೆ ಹೋದ.